ಅಣ್ಣನ ಕೈಲಿ ಸಿಡಿಯುತ್ತೆ, ಅತ್ತಿಗೆ ಕೈಲಿ ಕಲ್ಲು: ಒಂದು ಗ್ರಿಪ್ ಸೇಫ್ಟಿಯ ಪ್ರಕರಣ

ಅತ್ತಿಗೆ ಊಟದ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟು ಮುಚ್ಚಳ ತೆಗೆದರು. ಕೋಡುಬಳೆ ಅಂದುಕೊಂಡು ಕೈ ಹಾಕಲು ಹೊರಟಿದ್ದೆ. ಒಳಗೆ ಒಂಬತ್ತು ಗುಂಡುಗಳಿದ್ದವು. .45 ಕ್ಯಾಲಿಬರಿನವು. ಒಂದೂ ಸಿಡಿದಿರಲಿಲ್ಲ.

"ಹೋದ ಭಾನುವಾರದ್ದು," ಅಂದರು. "ನೂರು ಹೊಡೆಯೋಣ ಅಂತ ಹೋದೆ. ಒಂಬತ್ತು ಸಲ ಪಿಸ್ತೂಲು ಮಾತೇ ಕೇಳಲಿಲ್ಲ. ನಿಮ್ಮಣ್ಣ ಹಿಡಿದರೆ ಒಂದೂ ತಪ್ಪಲ್ಲ. ನನ್ನ ಕೈಲಿ ಶಕ್ತಿ ಇಲ್ಲ ಅಂತಾರೆ ಎಲ್ಲರೂ."

ಎಲ್ಲರೂ ಅಂದರೆ ಅಣ್ಣ, ಗುರಿ ಹೊಡೆಯುವ ರೇಂಜಿನಲ್ಲಿ ಪಕ್ಕದ ಸಾಲಿನಲ್ಲಿ ನಿಂತಿದ್ದವರು, ಮತ್ತೆ ಪಿಸ್ತೂಲು ಮಾರಿದ ಅಂಗಡಿಯವರು. ಅಂಗಡಿಯವರಂತೂ ಹೆಂಗಸರಿಗೆ ಇದು ಜಾಸ್ತಿಯಾಯಿತು, ಇನ್ನೂ ಚಿಕ್ಕದು ತಗೊಳ್ಳಿ ಅಂದಿದ್ದರಂತೆ. ಅತ್ತಿಗೆ ಸಕಲೇಶಪುರದ ಕಡೆಯವರು. ಕಾಫಿ ತೋಟದ ಮನೆಯಲ್ಲಿ ಕೋವಿ ನೋಡುತ್ತಲೇ ಬೆಳೆದವರು. ಚುನಾವಣೆ ಬಂದಾಗಲೆಲ್ಲ ಅವರಪ್ಪ ಗೊಣಗುತ್ತಾ ಕೋವಿಯನ್ನು ಪೊಲೀಸ್ ಠಾಣೆಗೆ ಕೊಟ್ಟು ಬರುತ್ತಿದ್ದುದನ್ನು ಈಗಲೂ ನಕ್ಕು ಹೇಳುತ್ತಾರೆ. ಟೆಕ್ಸಾಸಿಗೆ ಬಂದ ಮೇಲೆ ಗುರಿ ಹೊಡೆಯುವುದು ಅವರ ಭಾನುವಾರದ ಹವ್ಯಾಸ. ಅವರ ಕೈಲಿ ಶಕ್ತಿ ಇಲ್ಲ ಅನ್ನುವುದನ್ನು ನಾನು ನಂಬಲಿಲ್ಲ.

ನಾನು ಅದೇ ರೇಂಜಿನಲ್ಲಿ ತಿಂಗಳಿಗೆರಡು ದಿನ ಸುರಕ್ಷತೆ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಸಂಬಳ ಇಲ್ಲ, ಸುಮ್ನೆ ಆಸಕ್ತಿ. ಹೊಟ್ಟೆಪಾಡಿಗೆ ಮೆಷಿನ್ ಡಿಸೈನ್. ಹಾಗಾಗಿ ಮನೆಯಲ್ಲಿ ಮಿಕ್ಸಿ ಕೆಟ್ಟರೂ, ಪಿಸ್ತೂಲು ಕೆಟ್ಟರೂ ನನ್ನ ಮುಂದೆ ಬರುತ್ತದೆ. ಅಂದಹಾಗೆ, ಗುಂಡಿನಲ್ಲಿ ಸೀಸ ಇರುತ್ತದೆ. ಆ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಡಬ್ಬಿಯಲ್ಲಿದ್ದ ಸಾಕ್ಷಿ

ಒಂದೊಂದೇ ಗುಂಡನ್ನು ತಿರುಗಿಸಿ ತಳ ನೋಡಿದೆ. ತಳದ ನಡುವೆ ಕಾಳುಮೆಣಸಿನಷ್ಟು ದೊಡ್ಡ ಒಂದು ಬಿಲ್ಲೆ ಇರುತ್ತದೆ. ಅದೇ ಪ್ರೈಮರ್. ಟ್ರಿಗರ್ ಎಳೆದಾಗ ಹ್ಯಾಮರ್ ಬಿದ್ದು, ಫೈರಿಂಗ್ ಪಿನ್ ಮುಂದೆ ಹಾರಿ, ಈ ಬಿಲ್ಲೆಗೆ ಕುಟ್ಟುತ್ತದೆ. ಕುಟ್ಟಿದ ಕಡೆ ಗುಳಿ ಬೀಳುತ್ತದೆ. ಮದ್ದು ಕೆಟ್ಟಿದ್ದರೆ ಗುಳಿ ಬಿದ್ದಿರುತ್ತದೆ, ಗುಂಡು ಮಾತ್ರ ಸಿಡಿದಿರುವುದಿಲ್ಲ.

ಒಂಬತ್ತರಲ್ಲಿ ಒಂದರ ಮೇಲೂ ಗುಳಿ ಇರಲಿಲ್ಲ. ಬಿಲ್ಲೆಗಳು ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಹೊಳೆಯುತ್ತಿದ್ದವು. ಅಂದರೆ ಅವನ್ನು ಯಾರೂ ಮುಟ್ಟಿಯೇ ಇಲ್ಲ. ಮದ್ದಿನ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು.

"ಅತ್ತಿಗೆ, ಟ್ರಿಗರ್ ಎಳೆದಾಗ ಟಕ್ ಅಂತ ಸದ್ದು ಬಂತಾ?"

"ಇಲ್ಲ. ಟ್ರಿಗರ್ ಹೋಗೋದೇ ಇಲ್ಲ ಮಾರಾಯ. ಗೋಡೆಗೆ ಬೆರಳು ಒತ್ತಿದ ಹಾಗೆ."

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ "ಕೈಲಿ ಶಕ್ತಿ ಇಲ್ಲ" ಅನ್ನುವ ಮಾತೇ ಬರುತ್ತಿರಲಿಲ್ಲ. ಮಣಿಕಟ್ಟು ಸಡಿಲವಾದರೆ ಆಗುವ ತೊಂದರೆ ಬೇರೆ. ಗುಂಡು ಸಿಡಿದ ಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗ, ಪೂರ್ತಿ ಹಿಂದೆ ಹೋಗುವುದಿಲ್ಲ. ಖಾಲಿ ಕೋಶ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಮುಂದಿನ ಗುಂಡು ಅರ್ಧಕ್ಕೆ ನಿಲ್ಲುತ್ತದೆ. ಗುಂಡು ಒಳಗೆ ಸರಿಯಾಗಿ ಕೂತಿದ್ದು, ಹ್ಯಾಮರ್ ಏರಿದ್ದು, ಟ್ರಿಗರ್ ಮಾತ್ರ ಅಲುಗದೇ ಇರುವುದಕ್ಕೂ ಮಣಿಕಟ್ಟಿಗೂ ಸಂಬಂಧ ಇಲ್ಲ.

ಸ್ಲೈಡ್ ಪೂರ್ತಿ ಮುಚ್ಚದೆ ಒಂದೆರಡು ಮಿಲಿಮೀಟರ್ ಹಿಂದೆ ನಿಂತರೂ ಹ್ಯಾಮರ್ ಬೀಳುವುದಿಲ್ಲ. ಆಗ ಟ್ರಿಗರ್ ಹಿಂದೆ ಹೋಗುತ್ತದೆ, ಏನನ್ನೂ ಎಳೆಯುವುದಿಲ್ಲ ಅಷ್ಟೆ. ಬಾವಿಗೆ ಬಿಟ್ಟ ಹಗ್ಗದಲ್ಲಿ ಕೊಡವೇ ಇಲ್ಲದಂತೆ. ಅತ್ತಿಗೆ ಹೇಳಿದ್ದು ಗೋಡೆ. ಗೋಡೆ ಅಂದರೆ ಟ್ರಿಗರಿನ ದಾರಿಗೆ ಯಾವುದೋ ಲೋಹ ಅಡ್ಡ ನಿಂತಿದೆ.

"ಹಾಗಾದಾಗ ನೀವು ಏನು ಮಾಡಿದ್ರಿ?"

"ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ. ಪಿಸ್ತೂಲನ್ನು ಗುರಿ ಕಡೆಗೇ ಹಿಡಿದು ಅರ್ಧ ನಿಮಿಷ ಕಾದೆ. ಆಮೇಲೆ ಹಿಡಿಯೊಳಗಿನ ಗುಂಡಿನ ಮ್ಯಾಗಜೀನ್ ತಟ್ಟಿ, ಸ್ಲೈಡ್ ಎಳೆದೆ. ಆ ತೋಟೆ ಆಚೆ ಬಿತ್ತು, ಮುಂದಿನದು ಸರಿಯಾಗಿ ಹಾರಿತು."

ಡಬ್ಬಿಯ ಕತೆ ಅಲ್ಲಿಗೆ ಅರ್ಥವಾಯಿತು. ಪ್ರತಿ ಸಲವೂ ಒಳ್ಳೆಯ ಗುಂಡೊಂದು ಸುಮ್ಮನೆ ನೆಲಕ್ಕೆ ಬಿದ್ದಿತ್ತು. ಸ್ಲೈಡ್ ಎಳೆಯುವಾಗ ಕೈಹಿಡಿತ ಬದಲಾಗಿ, ಮುಂದಿನ ಗುಂಡು ಹಾರಿತ್ತು. ಎಲ್ಲರೂ ಗುಂಡೇ ಕೆಟ್ಟದ್ದು ಅಂದುಕೊಳ್ಳಲು ಇಷ್ಟು ಸಾಕು.

ಇನ್ನೊಂದು ವಿಷಯ ಅತ್ತಿಗೆಯೇ ಹೇಳಿದರು. ಒಂಬತ್ತರಲ್ಲಿ ಏಳು ಸಲ ತೊಂದರೆ ಬಂದದ್ದು ಮ್ಯಾಗಜೀನಿನ ಮೊದಲ ಗುಂಡಿಗೆ. ಕೈ ಹೊಸದಾಗಿ ಹಿಡಿ ಹಿಡಿದ ಗಳಿಗೆಗೆ. ಇದನ್ನು ಕೇಳಿದ ಮೇಲೆ ನನಗೆ ಅನುಮಾನ ಉಳಿದದ್ದು ಒಂದರ ಮೇಲೆ ಮಾತ್ರ.

ಹಿಡಿಯ ಬೆನ್ನಲ್ಲಿರುವ ತುಂಡು

ಪಿಸ್ತೂಲು 1911ರ ಮಾದರಿಯದು. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಮೋಸಸ್ ಬ್ರೌನಿಂಗ್ ಕೋಲ್ಟ್ ಕಂಪನಿಗಾಗಿ ರೂಪಿಸಿದ್ದು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ, ಇದು ಯಾರದ್ದು ಅನ್ನುವುದು ಇಲ್ಲಿ ಮುಖ್ಯವಲ್ಲ. ಖಾಲಿ ಇದ್ದಾಗಲೇ ಸುಮಾರು 1.1 ಕಿಲೋ ತೂಕ.

ಇದರಲ್ಲಿ ಎರಡು ಸೇಫ್ಟಿ. ಒಂದು ಎಡಮಗ್ಗುಲಲ್ಲಿ, ಹೆಬ್ಬೆರಳಿನಿಂದ ಮೇಲೆ-ಕೆಳಗೆ ಮಾಡುವ ಸಣ್ಣ ಸನ್ನೆ. ಅದನ್ನು ನಾವೇ ಹಾಕಬೇಕು, ನಾವೇ ತೆಗೆಯಬೇಕು. ಇನ್ನೊಂದು ಹಿಡಿಯ ಬೆನ್ನಿನಲ್ಲಿ ಸ್ವಲ್ಪ ಹೊರಗೆ ಉಬ್ಬಿಕೊಂಡಿರುವ ಉದ್ದನೆಯ ತುಂಡು. ಅದೇ ಗ್ರಿಪ್ ಸೇಫ್ಟಿ. ಅದನ್ನು ಯಾರೂ ಬೇಕೆಂದು ಒತ್ತುವುದಿಲ್ಲ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಅಂಗೈ ತಾನಾಗಿ ಒತ್ತುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ಅದನ್ನು ಮತ್ತೆ ಹೊರಗೆ ತಳ್ಳುತ್ತದೆ.

ಒಳಗೆ ಏನಾಗುತ್ತದೆ ಅಂತ ನಿಧಾನವಾಗಿ ನೋಡೋಣ. ಇಡೀ ಪ್ರಕರಣ ನಿಂತಿರುವುದು ಇಲ್ಲೇ.

ಈ ತುಂಡು ಮೇಲ್ಭಾಗದಲ್ಲಿ ಒಂದು ಪಿನ್ನಿಗೆ ಸಿಕ್ಕಿಕೊಂಡಿರುತ್ತದೆ. ಹೆಬ್ಬೆರಳ ಸೇಫ್ಟಿಯ ಕಡ್ಡಿಯೇ ಆ ಪಿನ್. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಇದು ಆ ಪಿನ್ನಿನ ಮೇಲೆ ತಿರುಗುತ್ತದೆ. ಕೀಲು ಮೇಲಿದೆ, ಕೆಳತುದಿ ಒಳಗೆ-ಹೊರಗೆ ಆಡುತ್ತದೆ. ಪಿನ್ನಿನಿಂದ ಮುಂದಕ್ಕೆ, ಅಂದರೆ ಒಳಗಡೆಗೆ, ಒಂದು ಗಿಡ್ಡ ತೋಳು ಚಾಚಿದೆ. ಟ್ರಿಗರಿನ ಹಿಂದೆ ಮ್ಯಾಗಜೀನನ್ನು ಬಳಸಿಕೊಂಡು ಬರುವ ಒಂದು ಲೋಹದ ಪಟ್ಟಿ ಇರುತ್ತದೆ. ಟ್ರಿಗರ್ ಎಳೆದರೆ ಆ ಪಟ್ಟಿ ಹಿಂದಕ್ಕೆ ಸರಿಯಬೇಕು. ಗ್ರಿಪ್ ಸೇಫ್ಟಿ ಒತ್ತದೇ ಇದ್ದಾಗ ಆ ಗಿಡ್ಡ ತೋಳು ಸರಿಯಾಗಿ ಪಟ್ಟಿಯ ಹಿಂದೆ ಬಂದು ನಿಂತಿರುತ್ತದೆ. ಪಟ್ಟಿಗೆ ದಾರಿ ಇಲ್ಲ. ಬೆರಳಿಗೆ ಗೋಡೆ ಸಿಗುತ್ತದೆ. ಕೆಳತುದಿಯನ್ನು ಅಂಗೈ ಒತ್ತಿದರೆ ತೋಳು ಮೇಲೆದ್ದು ದಾರಿ ಬಿಡುತ್ತದೆ.

ಹೊರಗೆ ತಳ್ಳುವ ಸ್ಪ್ರಿಂಗ್ ಮೂರು ಎಲೆಗಳ ಒಂದು ತಗಡು. ಎಡಗಡೆಯ ಎಲೆ ಹ್ಯಾಮರನ್ನು ತಡೆದು ನಿಲ್ಲಿಸುವ ಸಿಯರ್‌ಗೆ, ನಡುವಿನದ್ದು ಸ್ಲೈಡ್ ಮುಚ್ಚದಿದ್ದಾಗ ಟ್ರಿಗರಿನ ಕೊಂಡಿ ತಪ್ಪಿಸುವ ಡಿಸ್‌ಕನೆಕ್ಟರಿಗೆ, ಬಲಗಡೆಯದ್ದು ಗ್ರಿಪ್ ಸೇಫ್ಟಿಗೆ. ಒಂದೇ ತಗಡು ಮೂರು ಕೆಲಸ ಮಾಡುತ್ತದೆ. ನನ್ನಂಥವನಿಗೆ ಇದು ನೋಡಿದಷ್ಟೂ ಸಾಲದು. ಆದರೆ ಯಾರಾದರೂ ಟ್ರಿಗರ್ ಹಗುರ ಮಾಡಲು ಈ ತಗಡನ್ನು ಬಗ್ಗಿಸಿದರೆ ಬಲಗಡೆಯ ಎಲೆಯ ಒತ್ತಡವೂ ಬದಲಾಗಬಹುದು. ಅತ್ತಿಗೆಯ ಪಿಸ್ತೂಲಿನಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ಗಮನಿಸಿ, ಗ್ರಿಪ್ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಹ್ಯಾಮರನ್ನಲ್ಲ, ಸಿಯರನ್ನಲ್ಲ, ಫೈರಿಂಗ್ ಪಿನ್ನನ್ನೂ ಅಲ್ಲ. ಪಿಸ್ತೂಲು ನಳಿಗೆ ಮೇಲಾಗಿ ನೆಲಕ್ಕೆ ಬಿದ್ದರೆ, ಬಿದ್ದ ರಭಸಕ್ಕೆ ಟ್ರಿಗರ್ ತನ್ನ ತೂಕದಿಂದಲೇ ಹಿಂದೆ ಸರಿಯಬಹುದು. ಅದನ್ನು ಇದು ತಡೆಯುತ್ತದೆ. ನಳಿಗೆ ಕೆಳಗಾಗಿ ಬಿದ್ದರೆ ಫೈರಿಂಗ್ ಪಿನ್ ತಾನೇ ಮುಂದೆ ಹಾರುವ ಅಪಾಯವಿದೆ. ಅದಕ್ಕೆ ಇದು ಏನೂ ಮಾಡಲಾರದು. ಅದಕ್ಕಾಗಿಯೇ ಕೋಲ್ಟ್ ಕಂಪನಿ 1983ರಲ್ಲಿ ಸೀರೀಸ್ 80 ತಂದು, ಟ್ರಿಗರ್ ಎಳೆದಾಗ ಮಾತ್ರ ಫೈರಿಂಗ್ ಪಿನ್ನಿಗೆ ಬಿಡುಗಡೆ ಕೊಡುವ ಒಂದು ಚಿಲಕ ಸೇರಿಸಿತು. ಇನ್ನು ಕೆಲವು ಕಂಪನಿಗಳ 1911ಗಳಲ್ಲಿ ಆ ಚಿಲಕವನ್ನು ಎತ್ತುವುದು ಗ್ರಿಪ್ ಸೇಫ್ಟಿಯೇ. 1930ರ ದಶಕದಲ್ಲಿ ಕೋಲ್ಟ್‌ನಲ್ಲಿ ಹುಟ್ಟಿದ ಸ್ವಾರ್ಟ್ಜ್ ಸೇಫ್ಟಿಯ ಉಪಾಯ ಅದು. ಅಂಥ ಪಿಸ್ತೂಲಿನಲ್ಲಿ ಅರೆಬರೆ ಒತ್ತಿದಾಗ ಇನ್ನೊಂದು ಬಗೆಯ ಗೋಳು ಬರಬಹುದು. ಟ್ರಿಗರಿಗೆ ದಾರಿ ಸಿಕ್ಕಿರುತ್ತದೆ, ಪಿನ್ನಿಗೆ ಸಿಕ್ಕಿರುವುದಿಲ್ಲ. ಟಕ್ ಅನ್ನುತ್ತದೆ, ಢಂ ಅನ್ನುವುದಿಲ್ಲ. ಟಕ್ ಅಂತಾ ಅಂತ ನಾನು ಅತ್ತಿಗೆಯನ್ನು ಕೇಳಿದ್ದು ಅದಕ್ಕೇ. ಆಮೇಲೆ ಬಿಚ್ಚಿ ನೋಡಿದಾಗ ಇದರಲ್ಲಿ ಆ ಚಿಲಕ ಇರಲಿಲ್ಲ.

ಕುದುರೆ ಸವಾರರ ಕಾಲದ ಕೈ

ಈ ತುಂಡು ಯಾಕೆ ಬಂತು ಅನ್ನುವುದು ಗೊತ್ತಾದರೆ ಅತ್ತಿಗೆಯ ತೊಂದರೆ ಅರ್ಧ ಅರ್ಥವಾಗುತ್ತದೆ.

ಕೋಲ್ಟ್‌ನ 1905ರ .45 ಪಿಸ್ತೂಲಿನಲ್ಲಿ ಗ್ರಿಪ್ ಸೇಫ್ಟಿ ಇರಲಿಲ್ಲ. 1907ರಲ್ಲಿ ಅಮೆರಿಕದ ಸೇನೆ ಹೊಸ ಪಿಸ್ತೂಲಿಗಾಗಿ ಪರೀಕ್ಷೆ ಶುರು ಮಾಡಿದ ಮೇಲೆ, ಸೇನೆಗೆ ಬೇಕೆಂದು ಅದು ಸೇರಿತು. ಕೈಯಿಂದ ಜಾರಿ ಬಿದ್ದರೂ ಸಿಡಿಯಬಾರದು, ತಾನಾಗಿಯೇ ಕೆಲಸ ಮಾಡುವ ಸೇಫ್ಟಿ ಇರಬೇಕು ಅನ್ನುವುದು ಆಸೆ. ಮುಖ್ಯ ಗಿರಾಕಿ ಕುದುರೆ ಸವಾರ. ಒಂದು ಕೈಲಿ ಲಗಾಮು, ಇನ್ನೊಂದು ಕೈಲಿ ಪಿಸ್ತೂಲು. 1910ರ ಮಾದರಿಯಲ್ಲಿ ಗ್ರಿಪ್ ಸೇಫ್ಟಿ ಮಾತ್ರ ಇತ್ತು. ಕುದುರೆ ಕುಣಿಯುವಾಗ ಏರಿದ ಹ್ಯಾಮರನ್ನು ಒಂದೇ ಕೈಲಿ ಇಳಿಸಲು ಹೋಗುವುದು ಅಪಾಯ ಅನ್ನಿಸಿ, ಹೆಬ್ಬೆರಳ ಸೇಫ್ಟಿ ಆಮೇಲೆ ಬಂತು. 1911ರ ಮಾರ್ಚಿನ ಕೊನೆಯ ಪರೀಕ್ಷೆಯಲ್ಲಿ ಕೋಲ್ಟ್ 6000 ಗುಂಡುಗಳನ್ನು ಒಂದು ತಡೆಯೂ ಇಲ್ಲದೆ ಹಾರಿಸಿತು, ಎದುರಾಳಿ ಸ್ಯಾವೇಜ್ ಸೋತಿತು. ಅದೇ ತಿಂಗಳ 29ರಂದು ಸೇನೆ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಬೆರೆಟ್ಟಾ ಬರುವವರೆಗೆ ಅದೇ ನಡೆಯಿತು.

ಆ 6000 ಗುಂಡು ಹಾರಿಸಿದ ಕಾಲದ ಕೈ ಹೇಗಿತ್ತು? ಆಗ ಪಿಸ್ತೂಲು ಹೊಡೆಯುತ್ತಿದ್ದದ್ದು ಒಂದೇ ಕೈಲಿ. ತೋಳು ಚಾಚಿ, ಹೆಬ್ಬೆರಳನ್ನು ಕೆಳಗೆ ಮಡಚಿ, ಕತ್ತಿಯ ಹಿಡಿ ಹಿಡಿದ ಹಾಗೆ. ಆ ಕೈ ಗ್ರಿಪ್ ಸೇಫ್ಟಿಯ ಕೆಳತುದಿಯನ್ನು ಒತ್ತದೇ ಇರಲು ಸಾಧ್ಯವೇ ಇಲ್ಲ. ಬ್ರೌನಿಂಗ್ ಲೆಕ್ಕ ಹಾಕಿದ್ದು ಆ ಕೈಯನ್ನು.

ಮೊದಲ ಮಹಾಯುದ್ಧ ಮುಗಿದ ಮೇಲೆ ದೂರುಗಳು ಬಂದವು. ಸ್ಲೈಡ್ ಹಿಂದೆ ಬರುವಾಗ ಹ್ಯಾಮರ್ ಕೆಳಗೆ ಬಾಗಿ ಹೆಬ್ಬೆರಳ ಸಂದಿನ ಚರ್ಮವನ್ನು ಕಚ್ಚುತ್ತಿತ್ತು. 1924ರಲ್ಲಿ ಬದಲಾವಣೆಗಳಾದವು, 1926ರಲ್ಲಿ ಎಂ1911ಎ1 ಅನ್ನುವ ಹೆಸರು ಬಂತು. ಗ್ರಿಪ್ ಸೇಫ್ಟಿಯ ಮೇಲಿನ ಬಾಲವನ್ನು ಉದ್ದ ಮಾಡಿದರು, ಹ್ಯಾಮರಿನ ಕೊಂಬನ್ನು ಗಿಡ್ಡ ಮಾಡಿದರು. ಚರ್ಮ ಉಳಿಯಿತು.

1950ರ ದಶಕದ ಕೊನೆಗೆ ಹಿಡಿತವೇ ಬದಲಾಯಿತು. ಕ್ಯಾಲಿಫೋರ್ನಿಯಾದ ಸ್ಪರ್ಧೆಗಳಲ್ಲಿ ಜಾಕ್ ವೀವರ್ ಅನ್ನುವ ಡೆಪ್ಯುಟಿ ಶೆರಿಫ್ ಎರಡೂ ಕೈಲಿ ಪಿಸ್ತೂಲು ಹಿಡಿದು ಗೆಲ್ಲತೊಡಗಿದ. ಬರಬರುತ್ತಾ ಎಲ್ಲರ ಕೈ ಹಿಡಿಯ ಮೇಲೆ ಮೇಲೆ ಏರಿತು. ಕೈ ಎಷ್ಟು ಮೇಲಿದ್ದರೆ ಪಿಸ್ತೂಲು ಅಷ್ಟು ಕಡಿಮೆ ಎಗರುತ್ತದೆ. ಹೆಬ್ಬೆರಳು ಮಡಚಿಕೊಳ್ಳುವುದನ್ನು ಬಿಟ್ಟು ಸೇಫ್ಟಿ ಸನ್ನೆಯ ಮೇಲೆ ಹತ್ತಿ ಕೂತಿತು. ಸನ್ನೆ ತಾನಾಗಿ ಮೇಲೇಳದಂತೆ ಕಾವಲು. ಈಗಿನ ಒಳ್ಳೆಯ ಮೇಷ್ಟ್ರುಗಳೆಲ್ಲ ಕಲಿಸುವುದು ಇದನ್ನೇ, ಅತ್ತಿಗೆ ಕಲಿತದ್ದೂ ಇದನ್ನೇ.

ಎಲ್ಲ ಸೇನೆಗಳೂ ಈ ತುಂಡನ್ನು ಬೇಕು ಅಂದಿರಲಿಲ್ಲ. ಲ್ಯೂಗರ್ ಪಿಸ್ತೂಲಿನ 1900ರ ಮಾದರಿಯಲ್ಲಿ ಗ್ರಿಪ್ ಸೇಫ್ಟಿ ಇತ್ತು. ಸ್ವಿಸ್ ಸೇನೆ ಅದನ್ನು ಉಳಿಸಿಕೊಂಡಿತು, 1908ರಲ್ಲಿ ಜರ್ಮನ್ ಸೇನೆ ತೆಗೆಸಿತು. ಬ್ರೌನಿಂಗನದೇ ಕೊನೆಯ ಪಿಸ್ತೂಲಾದ ಹೈ ಪವರ್‌ನಲ್ಲೂ ಅದಿಲ್ಲ. ನಮ್ಮ ಸೇನೆಗೆ ಈಶಾಪುರದ ರೈಫಲ್ ಫ್ಯಾಕ್ಟರಿ ಮಾಡಿಕೊಟ್ಟ 9 ಎಂಎಂ 1ಎ ಪಿಸ್ತೂಲು ಅದೇ ಹೈ ಪವರ್‌ನ ಸಂತಾನ. ಊರಿಗೆ ಹೋದಾಗ ನಿವೃತ್ತ ಸುಬೇದಾರರ ಹತ್ತಿರ ಗ್ರಿಪ್ ಸೇಫ್ಟಿ ಅಂದರೆ "ಅದೆಂಥದ್ದು?" ಅಂತ ಕೇಳುವುದಕ್ಕೆ ಇದೇ ಕಾರಣ ಇರಬೇಕು.

ಕುಂಕುಮದ ಪರೀಕ್ಷೆ

ಮುಂದಿನ ಭಾನುವಾರ ಮೂವರೂ ರೇಂಜಿಗೆ ಹೋದೆವು. ಮೊದಲು ಖಾಲಿ ಪಿಸ್ತೂಲು. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು ನಿಲ್ಲಿಸಿ, ಗುಂಡು ಕೂರುವ ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ತೂರಿಸಿ ಮುಟ್ಟಿ ನೋಡಿದೆ. ಆಮೇಲೆ ಅತ್ತಿಗೆ ನೋಡಿದರು, ಅಣ್ಣನೂ ನೋಡಿದ. ಗುಂಡಿನ ಡಬ್ಬಗಳು ಕಾರಿನಲ್ಲೇ ಇದ್ದವು.

ಕೈ ಎಲ್ಲಿ ಒತ್ತುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಕೈಯೇ ಮುಚ್ಚಿಕೊಂಡಿರುತ್ತದೆ. ಲಿಪ್‌ಸ್ಟಿಕ್ ಇದೆಯಾ ಅಂತ ಕೇಳಿದೆ. ಅತ್ತಿಗೆ ಕೈಚೀಲದಿಂದ ಕುಂಕುಮದ ಭರಣಿ ತೆಗೆದರು. ಒಣಪುಡಿ ಒಳಗೆ ಹೋದರೆ ಕಷ್ಟ. ಅದಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಗ್ರಿಪ್ ಸೇಫ್ಟಿಯ ಬೆನ್ನಿಗೆ ಮೇಲಿಂದ ಕೆಳಗಿನವರೆಗೆ ತೆಳ್ಳಗೆ ಸವರಿದೆ.

ಮೊದಲು ಅಣ್ಣ ಹಿಡಿದ. ಕೈ ಬಿಡಿಸಿ ನೋಡಿದರೆ ಹೆಬ್ಬೆರಳ ಬುಡದಿಂದ ಅಂಗೈ ನಡುವಿನವರೆಗೆ ಉದ್ದನೆಯ ಕೆಂಪು ಗೆರೆ. ಇಡೀ ತುಂಡು ಅಚ್ಚು ಹೊಡೆದಿತ್ತು. ಅಣ್ಣ ಹೊಡೆಯಲು ಕಲಿತದ್ದು ಪಕ್ಕದ ಮನೆಯ ಮುದುಕರ ಹತ್ತಿರ. ಅವರು ಹಳೆಯ ಸೈನಿಕರು. ಅಣ್ಣನ ಹೆಬ್ಬೆರಳು ಕೆಳಗೆ ಮಡಚಿಕೊಂಡಿತ್ತು, 1911ರಲ್ಲಿ ಇದ್ದ ಹಾಗೆಯೇ.

ಒರೆಸಿ, ಮತ್ತೆ ಸವರಿ, ಅತ್ತಿಗೆ ಕೈಗೆ ಕೊಟ್ಟೆ. ಅವರು ಕ್ಲಾಸಿನಲ್ಲಿ ಕಲಿತಂತೆ ಚೊಕ್ಕವಾಗಿ ಹಿಡಿದರು. ಕೈ ಬಾಲದ ಕೆಳಗೆ ಒತ್ತಿ ಮೇಲೇರಿತ್ತು, ಹೆಬ್ಬೆರಳು ಸನ್ನೆಯ ಮೇಲಿತ್ತು. ಕೈ ಬಿಡಿಸಿದರು. ಹೆಬ್ಬೆರಳು-ತೋರುಬೆರಳ ಸಂದಿನಲ್ಲಿ ಒಂದು ದಪ್ಪ ಕೆಂಪು ಚುಕ್ಕೆ. ಅದರ ಕೆಳಗೆ ಏನೂ ಇಲ್ಲ. ಅಂಗೈ ಬೆಳ್ಳಗಿತ್ತು.

ಈಗಲೇ ಒಂದು ಲಟ್ಟಣಿಗೆ ಹಿಡಿದು ನೋಡಿ. ಹೆಬ್ಬೆರಳನ್ನು ಮಡಚಿ ಬಿಗಿಯಾಗಿ ಹಿಡಿದರೆ ಅದರ ಬುಡದ ದಿಂಡು ಲಟ್ಟಣಿಗೆಗೆ ಒತ್ತಿಕೊಳ್ಳುತ್ತದೆ. ಹಿಡಿತ ಬಿಡದೆ ಹೆಬ್ಬೆರಳನ್ನು ಮಾತ್ರ ಮೇಲೆತ್ತಿ. ದಿಂಡು ಆಚೆ ಸರಿದು ಅಲ್ಲೊಂದು ಗುಳಿ ಬೀಳುತ್ತದೆ. ಗ್ರಿಪ್ ಸೇಫ್ಟಿಯ ಕೆಳತುದಿ ಬರುವುದು ಆ ಗುಳಿಯ ಎದುರಿಗೆ. ಕೈ ಚಿಕ್ಕದಾದರೆ, ಅಂಗೈಯಲ್ಲಿ ಮಾಂಸ ಕಡಿಮೆಯಿದ್ದರೆ, ಅದಕ್ಕೆ ಸಿಗುವುದು ಗಾಳಿ.

ಇನ್ನೊಂದು ಸೂಕ್ಷ್ಮ ಇದೆ. ಕೀಲು ಮೇಲಿದೆ ಅಂದೆನಲ್ಲ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಎಷ್ಟು ಬಲ ಹಾಕಿದರೂ ಸರಿಯಾಗಿ ತೆರೆಯುವುದಿಲ್ಲ. ಅತ್ತಿಗೆ ಒತ್ತುತ್ತಿದ್ದದ್ದು ಕೀಲಿನ ಹತ್ತಿರ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಬಾಲ ಇರುವುದು ಕೀಲಿನ ಹಿಂದೆ. ಬಾಲವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದರೆ ತುಂಡು ಉಲ್ಟಾ ತಿರುಗಲು ನೋಡುತ್ತದೆ. ಏತದ ಒಂದು ತುದಿ ಎತ್ತಿದ ಹಾಗೆ. ಅಂದರೆ ಅತ್ತಿಗೆ ಜಾಸ್ತಿ ಬಿಗಿಯಾಗಿ ಮೇಲಕ್ಕೆ ಹಿಡಿದಷ್ಟೂ ಸೇಫ್ಟಿಯ ಕೆಳತುದಿ ಹೊರಗೇ ಉಳಿಯುತ್ತಿತ್ತು. ಶಕ್ತಿ ಕಡಿಮೆಯಾಗಿ ಅಲ್ಲ, ಶಕ್ತಿ ಆ ಜಾಗಕ್ಕೆ ಬಿದ್ದದ್ದರಿಂದ ಪಿಸ್ತೂಲು ಮೊಂಡಾಗುತ್ತಿತ್ತು.

ನಾನಿದನ್ನು ಹೇಳಿದಾಗ ಅತ್ತಿಗೆ ಅಣ್ಣನ ಮುಖ ನೋಡಿದರು. ಅಣ್ಣ ಮ್ಯಾಗಜೀನ್ ಒರೆಸತೊಡಗಿದ.

ಏನು ಮಾಡಬಹುದಿತ್ತು

ಅಣ್ಣನ ಸಲಹೆ ಸುಲಭದ್ದು: "ಹೆಬ್ಬೆರಳು ಕೆಳಗಿಟ್ಟು ಹೊಡೆಯಲಿ." ಹತ್ತು ಗುಂಡು ಹಾಗೇ ಹೊಡೆದರು. ಹತ್ತೂ ಹಾರಿದವು. ಆದರೆ ಪಿಸ್ತೂಲು ಎಗರುವುದು ಜಾಸ್ತಿಯಾಯಿತು, ಗುರಿಹಾಳೆಯ ಮೇಲಿನ ತೂತುಗಳು ಅಂಗೈ ಅಗಲಕ್ಕೆ ಹರಡಿದವು. ಅದಕ್ಕಿಂತ ಕೆಟ್ಟದ್ದು, ಒಂದು ಸಲ ಗೆಣ್ಣು ತಾಗಿ ಹೆಬ್ಬೆರಳ ಸೇಫ್ಟಿ ಮೇಲಕ್ಕೆ ಸರಿಯಿತು. ಒಂದು ಗೋಡೆ ತಪ್ಪಿಸಲು ಹೋಗಿ ಇನ್ನೊಂದಕ್ಕೆ ಡಿಕ್ಕಿ.

ಪಕ್ಕದ ಸಾಲಿನವರು ಬೇರೆ ಉಪಾಯ ಹೇಳಿದರು. ಗ್ರಿಪ್ ಸೇಫ್ಟಿಯನ್ನು ಒತ್ತಿದ ಸ್ಥಿತಿಯಲ್ಲೇ ಕಟ್ಟಿಬಿಡಿ, ಹಳಬರು ಹಾಗೇ ಮಾಡುತ್ತಿದ್ದರು ಅಂತ. ಹೌದು, ಅಂಥವರು ಇದ್ದರು, ಅವರಲ್ಲಿ ಹೆಸರುವಾಸಿ ಗುರಿಕಾರರೂ ಇದ್ದರು. ನಾನು ಒಪ್ಪಲಿಲ್ಲ. ಅತ್ತಿಗೆ ಹೋಗುವ ಸ್ಪರ್ಧೆಯಲ್ಲಿ ಸೇಫ್ಟಿ ಕೆಲಸ ಮಾಡದ ಪಿಸ್ತೂಲನ್ನು ಒಳಗೇ ಬಿಡುವುದಿಲ್ಲ. ಅದಿರಲಿ, ಆ ಪಿಸ್ತೂಲನ್ನು ಅಣ್ಣನೂ ಬಳಸುತ್ತಾನೆ, ನಾಳೆ ಯಾರಿಗಾದರೂ ಮಾರಲೂಬಹುದು. ಹೊರಗಿನಿಂದ ನೋಡಿದರೆ ಸೇಫ್ಟಿ ಇದೆ, ಒಳಗೆ ಇಲ್ಲ. ಅದಕ್ಕಿಂತ ಇಲ್ಲವೇ ಇಲ್ಲದ ಪಿಸ್ತೂಲು ವಾಸಿ, ಅಲ್ವಾ?

ಕೊನೆಗೆ ಕೆಲಸ ಗೊತ್ತಿರುವ ಗನ್‌ಸ್ಮಿತ್ ಹತ್ತಿರ ಒಯ್ದೆವು. ಅವರು ಪಿಸ್ತೂಲನ್ನು ಖಾಲಿ ಮಾಡಿ, ಹ್ಯಾಮರ್ ಏರಿಸಿ, ಟ್ರಿಗರಿಗೆ ಹಗುರವಾಗಿ ಬೆರಳಿಟ್ಟು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಗ್ರಿಪ್ ಸೇಫ್ಟಿಯನ್ನು ಕೂದಲೆಳೆಯಷ್ಟೇ ಒತ್ತುತ್ತಾ ಬಂದರು. ಕಾಲುಭಾಗ ಒಳಗೆ ಹೋಯಿತು, ಗೋಡೆ. ಅರ್ಧ, ಗೋಡೆ. ಮುಕ್ಕಾಲು, ಆಗಲೂ ಗೋಡೆ. ಇನ್ನೇನು ಪೂರ್ತಿ ಮುಳುಗಬೇಕು ಅನ್ನುವಾಗ ಹ್ಯಾಮರ್ ಬಿತ್ತು. ಕಾರ್ಖಾನೆಯಲ್ಲಿ ಆ ಗಿಡ್ಡ ತೋಳನ್ನು ಉದ್ದ ಬಿಟ್ಟಿದ್ದರು. ಸುರಕ್ಷತೆಯ ದೃಷ್ಟಿಯಿಂದ ತಪ್ಪಲ್ಲ. ಆದರೆ ಕೈ ಪೂರ್ತಿ ಒತ್ತದ ಹೊರತು ಅದು ದಾರಿ ಬಿಡುತ್ತಿರಲಿಲ್ಲ. ಅಣ್ಣನ ಕೈ ಪೂರ್ತಿ ಒತ್ತುತ್ತಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ.

ಅಂದರೆ ತಪ್ಪು ಎರಡು ಕಡೆ ಅರ್ಧರ್ಧ ಇತ್ತು. ಹಿಡಿತ ಒಂದೇ ಕಾರಣವಾಗಿದ್ದರೆ ಅತ್ತಿಗೆಗೆ ನೂರರಲ್ಲಿ ಒಂಬತ್ತು ತಪ್ಪುತ್ತಿರಲಿಲ್ಲ, ಎಲ್ಲೋ ಒಂದು ತಪ್ಪುತ್ತಿತ್ತೋ ಏನೋ. ತೋಳು ಒಂದೇ ಕಾರಣವಾಗಿದ್ದರೆ ಅಣ್ಣನಿಗೂ ತಪ್ಪಬೇಕಿತ್ತು.

ಗನ್‌ಸ್ಮಿತ್ ಹಾಕಿದ್ದು ಅಗಲ ಬಾಲದ, ಕೆಳತುದಿಯಲ್ಲಿ ಉಬ್ಬು ಇರುವ ಹೊಸ ಗ್ರಿಪ್ ಸೇಫ್ಟಿ. ಈ ಉಬ್ಬಿನ ಕತೆಯೂ ಚೆನ್ನಾಗಿದೆ. ಕೈ ಮೇಲೇರಲಿ ಅಂತ ಬಾಲವನ್ನು ಅಗಲ ಮಾಡಿ ಮೇಲಕ್ಕೆ ಬಾಗಿಸಿದರು. ಕೈ ಮೇಲೇರಿತು, ಕೆಳತುದಿಗೆ ಅಂಗೈ ಸಿಗದಾಯಿತು. ಆಗ ಅಂಗೈಯ ಗುಳಿ ತುಂಬಲು ಈ ಉಬ್ಬು ಬಂತು. ಒಂದು ರಿಪೇರಿ ಇನ್ನೊಂದು ರಿಪೇರಿ ಬೇಡಿತು.

ಆ ಹೊಸ ತುಂಡಿನ ತೋಳನ್ನು ಅರದಲ್ಲಿ ಉಜ್ಜುವಾಗ ಅವರು ಮೂರು ಸಲ ಉಜ್ಜಿ, ಪ್ರತಿ ಸಲವೂ ಜೋಡಿಸಿ ನೋಡಿದರು. "ಬೇಸರ ಬಂದು ಒಂದೇ ಸಲ ಉಜ್ಜಿದವರ ಪಿಸ್ತೂಲು ನನ್ನ ಹತ್ತಿರ ಬರುತ್ತಲೇ ಇರುತ್ತದೆ," ಅಂದರು. ಒಂದು ಎಳೆ ಜಾಸ್ತಿ ಹೋದರೆ ತೋಳು ಪಟ್ಟಿಯ ಹಿಂದೆ ನಿಲ್ಲುವುದೇ ಇಲ್ಲ, ಸೇಫ್ಟಿ ಹೆಸರಿಗೆ ಮಾತ್ರ ಉಳಿಯುತ್ತದೆ. ಹೋದ ಲೋಹ ವಾಪಸ್ ಬರಲ್ಲ. ಕೊನೆಗೆ ಸುಮಾರು ಅರ್ಧ ಒತ್ತಿದಾಗ ಟ್ರಿಗರ್ ಬಿಡುವಂತೆ ಕೂರಿಸಿದರು. ಆಮೇಲೆ ಉಲ್ಟಾ ಪರೀಕ್ಷೆ. ಹಿಡಿಯನ್ನು ಎರಡು ಮಗ್ಗುಲಲ್ಲಿ ಮಾತ್ರ ಬೆರಳತುದಿಯಿಂದ ಹಿಡಿದು, ಬೆನ್ನು ಮುಟ್ಟದೆ, ಟ್ರಿಗರನ್ನು ಬಲವಾಗಿ ಎಳೆದರು. ಕಲ್ಲು. ಹತ್ತು ಸಲ ಎಳೆದರು. ಹತ್ತು ಸಲವೂ ಕಲ್ಲು. ನಿಜ ಹೇಳಬೇಕೆಂದರೆ, ಢಂ ಅನ್ನುವುದಕ್ಕಿಂತ ಈ ಕಲ್ಲು ನನಗೆ ಜಾಸ್ತಿ ಸಮಾಧಾನ ಕೊಟ್ಟಿತು.

ಮತ್ತೆ ರೇಂಜಿನಲ್ಲಿ

ಇನ್ನೂರು ಗುಂಡು ತಗೊಂಡು ಹೋದೆವು. ಅತ್ತಿಗೆ ಎರಡೂ ಕೈಲಿ, ಹೆಬ್ಬೆರಳು ಮೇಲಿಟ್ಟು, ಕಲಿತ ಹಾಗೆಯೇ ಹಿಡಿದು ನೂರೈವತ್ತು ಹೊಡೆದರು. ಒಂದೂ ತಪ್ಪಲಿಲ್ಲ. ಪ್ರತಿ ಮ್ಯಾಗಜೀನಿನ ಮೊದಲ ಗುಂಡನ್ನು ನಾನು ಬೇರೆ ಎಣಿಸಿದೆ, ಅದೂ ತಪ್ಪಲಿಲ್ಲ. ಬಲಗೈ ಒಂದರಲ್ಲೇ ಇಪ್ಪತ್ತು. ಸರಿ.

ಉಳಿದದ್ದು ಎಡಗೈ. ಸ್ಪರ್ಧೆಯಲ್ಲಿ ಒಮ್ಮೊಮ್ಮೆ ಎಡಗೈಲಿ ಮಾತ್ರ ಹೊಡೆಸುತ್ತಾರೆ. ಇಪ್ಪತ್ತರಲ್ಲಿ ಎರಡು ಸಲ ಗೋಡೆ ಬಂತು. ಎಡಮಗ್ಗುಲಲ್ಲಿ ಮಾತ್ರ ಇರುವ ಆ ಸನ್ನೆ ಎಡ ಅಂಗೈಗೆ ಚುಚ್ಚುತ್ತದೆ. ಅದನ್ನು ತಪ್ಪಿಸಲು ಕೈ ತನಗೇ ಗೊತ್ತಿಲ್ಲದೆ ಒಂದು ಪಕ್ಕಕ್ಕೆ ಹೊರಳುತ್ತದೆ, ಉಬ್ಬಿನ ಮೇಲೆ ಅಂಗೈ ಅರ್ಧವೇ ಕೂರುತ್ತದೆ. ಇನ್ನೂ ಸ್ವಲ್ಪ ಉಜ್ಜಿಸಿ ಬೇಗ ಬಿಡುವಂತೆ ಮಾಡಿಸೋಣವಾ ಅಂತ ಯೋಚಿಸಿದೆ. ಬೇಡ ಅಂದರು ಅತ್ತಿಗೆ. "ಬಲಗೈಗೆ ಸರಿಯಿದೆ. ಎಡಗೈಯನ್ನು ನಾನು ಪಳಗಿಸ್ತೀನಿ. ಕಬ್ಬಿಣ ಇದ್ದ ಹಾಗೆ ಇರಲಿ." ದಿನಾ ಸಂಜೆ ಖಾಲಿ ಪಿಸ್ತೂಲಿಗೆ ಡಮ್ಮಿ ಗುಂಡು ಹಾಕಿ ಎಡಗೈಲಿ ಇಪ್ಪತ್ತು ಸಲ ಹಿಡಿದು ಬಿಡುತ್ತಾರೆ ಈಗ.

ಇಷ್ಟು ಹೊತ್ತೂ ಅಣ್ಣ ಕಿವಿಗವಸು ಹಾಕಿಕೊಂಡು ಹಿಂದೆ ನಿಂತಿದ್ದ. ಉಳಿದ ಹತ್ತು ಗುಂಡು ಅವನ ಮುಂದಿಟ್ಟು, ನೀನೂ ಎಡಗೈಲಿ ನೋಡು ಅಂದೆ. ಅವನು ಯಾವತ್ತೂ ಎಡಗೈಲಿ ಹೊಡೆದವನಲ್ಲ. ಹತ್ತರಲ್ಲಿ ನಾಲ್ಕು ಗೋಡೆ. ಪ್ರತಿ ಸಲ ಸ್ಲೈಡ್ ಎಳೆದು, ಹೊಳೆಯುವ ತಳದ ಗುಂಡೊಂದನ್ನು ನೆಲಕ್ಕೆ ಬೀಳಿಸಿದ.

ಅತ್ತಿಗೆ ಏನೂ ಅನ್ನಲಿಲ್ಲ. ಬಗ್ಗಿ ನಾಲ್ಕನ್ನೂ ಆರಿಸಿ, ಕಾರಿನಿಂದ ಆ ಸ್ಟೀಲ್ ಡಬ್ಬಿ ತಂದು, ಅದರಲ್ಲಿ ಹಾಕಿ, ಅವನ ಕೈಗೆ ಕೊಟ್ಟರು.